ನಮ್ಮ ಜಾಲತಾಣ ಹುಡುಕಿದರೆ ಏಕೆ ಸಿಗುವುದಿಲ್ಲ? ತಾಣ ನಡೆಸುವವರ ಕೆಲವು ಪ್ರಶ್ನೆಗಳು

ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ ಸೇವೆಯಲ್ಲಿರುವ, ನಮ್ಮ ಕರಾವಳಿಯವರೇ ಆದ ಧರ್ಮಭಗಿನಿಯೊಬ್ಬರು ಒಂದು ಸಂಜೆ ದೂರವಾಣಿ ಮಾಡಿದರು. ದನಿಯಲ್ಲಿ ಬೇಸರವಿತ್ತು.

"ಫಾದರ್, ಕೊಡಂಬಲದಿಂದ ಒಬ್ಬರು ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹೊಲಿಗೆ ತರಬೇತಿಗೆ ಸೇರಿಸಬೇಕಿತ್ತು. ಅರ್ಜಿಯ ಕೊನೆಯ ದಿನ ಮುಗಿದು ನಾಲ್ಕು ದಿನ ಆಗಿತ್ತು. ಹುಡುಗಿ ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ನಮ್ಮ ಪ್ರಕಟಣೆ ಸಿಗಲಿಲ್ಲವಂತೆ. ನಾವು ತಾಣದಲ್ಲಿ ಹಾಕಿದ್ದೆವಲ್ಲ?"

ನಾನು ಅವರ ತಾಣ ತೆರೆದು ನೋಡಿದೆ. ಪ್ರಕಟಣೆ ಇತ್ತು. ಸುತ್ತಲೂ ಹೂವಿನ ಅಂಚು, ಮೇಲೆ ಹೊಲಿಗೆ ಯಂತ್ರದ ಚಿತ್ರ, ಕೆಳಗೆ ಯಾವ ಯಾವ ಊರಿನವರು ಅರ್ಜಿ ಹಾಕಬಹುದು ಎಂಬ ಪಟ್ಟಿ. ಪಟ್ಟಿಯಲ್ಲಿ ಕೊಡಂಬಲವೂ ಇತ್ತು. ಆದರೆ ಇಡೀ ಪ್ರಕಟಣೆ ಒಂದೇ ಚಿತ್ರವಾಗಿತ್ತು. ಗೋಡೆಗೆ ಅಂಟಿಸಲು ಮಾಡಿಸಿದ್ದನ್ನೇ ತಾಣಕ್ಕೂ ಏರಿಸಿದ್ದರು. ಪುಟದ ಹೆಸರು ಬರೀ 'ಹೋಮ್'. ನಮ್ಮ ಕಣ್ಣಿಗೆ ಅಲ್ಲಿ ಎಲ್ಲವೂ ಇತ್ತು, ಹುಡುಕುವ ಯಂತ್ರದ ಕೈಗೆ ಸಿಗುವಂಥ ಬರಹ ಮಾತ್ರ ಒಂದು ಸಾಲೂ ಇರಲಿಲ್ಲ.

ಧರ್ಮಕೇಂದ್ರ, ಶಾಲೆ, ಆಸ್ಪತ್ರೆ, ಸಂಘಗಳ ತಾಣಗಳ ಹೊಣೆ ಹೊತ್ತವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇಂಥವೇ. ಅವುಗಳನ್ನು ಒಂದೆಡೆ ಸೇರಿಸಿ ಉತ್ತರ ಬರೆದಿದ್ದೇನೆ. ಈ ವಿದ್ಯೆಗೆ 'ಸರ್ಚ್ ಇಂಜಿನ್ ಆಪ್ಟಿಮೈಸೇಷನ್', ಚುಟುಕಾಗಿ 'ಎಸ್‌ಇಒ' ಎನ್ನುತ್ತಾರೆ. ಹೆಸರು ದೊಡ್ಡದು. ನಮ್ಮಂಥವರ ಮಟ್ಟಿಗೆ ಅದರ ಮುಕ್ಕಾಲು ಪಾಲು, ಹೇಳಬೇಕಾದ್ದನ್ನು ಸರಿಯಾದ ಅಕ್ಷರಗಳಲ್ಲಿ, ಜನ ಬಳಸುವ ಮಾತಿನಲ್ಲಿ ಬರೆಯುವುದರಲ್ಲೇ ಇದೆ.

1. ಗೂಗಲ್ ನಮ್ಮ ತಾಣವನ್ನು ಹೇಗೆ ಕಂಡುಕೊಳ್ಳುತ್ತದೆ?

ನಾವು ಒಂದು ಪದ ಟೈಪ್ ಮಾಡಿದ ಕೂಡಲೇ ಗೂಗಲ್ ಲೋಕವನ್ನೆಲ್ಲ ಸುತ್ತಿ ಬರುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಅದು ಮೊದಲೇ ಸುತ್ತಿ ಬಂದು ಬರೆದಿಟ್ಟುಕೊಂಡ ಸೂಚಿಯಲ್ಲಿ ಹುಡುಕುತ್ತದೆ. ಚರ್ಚ್ ಕಚೇರಿಯಲ್ಲಿ ಹಳೆಯ ಜ್ಞಾನಸ್ನಾನದ ದಾಖಲೆ ಬೇಕಾದಾಗ ನಾವು ಪುಸ್ತಕದ ಪುಟಗಳನ್ನೆಲ್ಲ ತಿರುವುತ್ತೇವೆಯೇ? ಹೆಸರುಗಳ ಸೂಚಿ ನೋಡುತ್ತೇವೆ. ಸೂಚಿಯಲ್ಲಿ ಹೆಸರಿಲ್ಲದಿದ್ದರೆ ದಾಖಲೆ ಒಳಗಿದ್ದರೂ ಇಲ್ಲದಂತೆಯೇ.

ಹೀಗಾಗಿ ಮೊದಲ ಪರೀಕ್ಷೆ ಇದು. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸೈಟ್' ಎಂದು ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ತಾಣದ ವಿಳಾಸ ಬರೆಯಿರಿ. ಗೂಗಲ್ ಸೂಚಿಯಲ್ಲಿರುವ ನಿಮ್ಮ ಪುಟಗಳು ಪಟ್ಟಿಯಾಗಿ ಬರುತ್ತವೆ. ಏನೂ ಬಾರದಿದ್ದರೆ ಮೂರು ಸಂಗತಿ ನೋಡಿ. ತಾಣ ತೀರಾ ಹೊಸದಿರಬಹುದು. ಬೇರೆ ಯಾವ ತಾಣದಿಂದಲೂ ಅದಕ್ಕೆ ಕೊಂಡಿ ಇಲ್ಲದಿರಬಹುದು. ಇಲ್ಲವೇ ನಾವೇ ಬಾಗಿಲು ಹಾಕಿಕೊಂಡಿರಬಹುದು. ವರ್ಡ್‌ಪ್ರೆಸ್ ಬಳಸುವವರು ಈ ಮೂರನೆಯದನ್ನು ತಪ್ಪದೆ ನೋಡಬೇಕು. ಅದರ ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದಲ್ಲಿ, ಈ ತಾಣವನ್ನು ಸೂಚಿಗೆ ಸೇರಿಸಬೇಡಿ ಎಂದು ಸರ್ಚ್ ಇಂಜಿನ್‌ಗಳಿಗೆ ಹೇಳುವ ಒಂದು ಚೌಕವಿದೆ. ತಾಣ ಕಟ್ಟುವಾಗ ಅದಕ್ಕೆ ಗುರುತು ಹಾಕಿದವರು, ಉದ್ಘಾಟನೆಯ ಗಡಿಬಿಡಿಯಲ್ಲಿ ತೆಗೆಯಲು ಮರೆಯುವುದುಂಟು.

ಗೂಗಲ್‌ನ 'ಸರ್ಚ್ ಕನ್ಸೋಲ್' ಎಂಬ ಉಚಿತ ಸೇವೆಯಲ್ಲಿ ತಾಣವನ್ನು ನೋಂದಾಯಿಸಿ. 2015ಕ್ಕೆ ಮೊದಲು ಇದನ್ನು 'ವೆಬ್‌ಮಾಸ್ಟರ್ ಟೂಲ್ಸ್' ಎನ್ನುತ್ತಿದ್ದರು. ಯಾವ ಪುಟ ಸೂಚಿಗೆ ಸೇರಿದೆ, ಯಾವುದು ಸೇರಿಲ್ಲ, ಜನ ಯಾವ ಪದ ಬರೆದು ನಿಮ್ಮಲ್ಲಿಗೆ ಬಂದರು ಎಂಬುದನ್ನು ಅದು ತೋರಿಸುತ್ತದೆ. ಹೊಸ ಪುಟ ಹಾಕಿದಾಗ ನೋಡಿ ಹೋಗುವಂತೆ ಅಲ್ಲಿಂದಲೇ ಕೋರಬಹುದು. ಆದರೂ ತಾಳ್ಮೆ ಬೇಕು. ಕೆಲವು ಬದಲಾವಣೆಗಳು ಗಂಟೆಗಳಲ್ಲಿ ಕಾಣುತ್ತವೆ, ಕೆಲವಕ್ಕೆ ವಾರಗಳು, ತಿಂಗಳುಗಳೂ ಹಿಡಿಯುತ್ತವೆ. ಅರ್ಜಿಯ ಕೊನೆಯ ದಿನದ ಹಿಂದಿನ ಸಂಜೆ ಪ್ರಕಟಣೆ ಹಾಕಿದರೆ ಯಾವ ವಿದ್ಯೆಯೂ ನೆರವಿಗೆ ಬಾರದು.

2. ತೆರೆಯ ಮೇಲೆ ಕನ್ನಡ ಚೆನ್ನಾಗಿ ಕಾಣುತ್ತಿದೆಯಲ್ಲ, ಮತ್ತೇನು ತೊಂದರೆ?

ಕನ್ನಡದ ತಾಣಗಳಿಗೆ ಇಂಗ್ಲಿಷ್ ತಾಣಗಳಿಗಿಲ್ಲದ ಒಂದು ಸಂಕಟವಿದೆ. ಕಾಣುವುದು ಕನ್ನಡವಾದರೂ ಒಳಗಿರುವುದು ಕನ್ನಡವಲ್ಲದಿರಬಹುದು.

1990ರ ದಶಕದಲ್ಲಿ ಗಣಕಯಂತ್ರದಲ್ಲಿ ಕನ್ನಡ ಮೂಡಿಸಲು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕನ್ನಡಿಗರು ಗಣಕಯಂತ್ರದಲ್ಲಿ ಬರೆಯಲು ಕಲಿತದ್ದೇ ಇವುಗಳಿಂದ. ಆದರೆ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಪುಟದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ. ಆ ಅಕ್ಷರಶೈಲಿ ಇದ್ದ ಯಂತ್ರದಲ್ಲಿ ಕನ್ನಡ ಕಾಣುತ್ತದೆ, ಇಲ್ಲದಲ್ಲಿ ಗೋಜಲು. ಸರ್ಚ್ ಇಂಜಿನ್ ಓದುವುದು ಆಕಾರವನ್ನಲ್ಲ, ಒಳಗಿನ ಸಂಕೇತವನ್ನು. ಆದ್ದರಿಂದ ಅದಕ್ಕೆ ಕಾಣುವುದು ಯಾವಾಗಲೂ ಗೋಜಲೇ.

ಇದಕ್ಕೆ ಪರಿಹಾರ ಯೂನಿಕೋಡ್. ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಈ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಸಾಮಾನ್ಯ ಬಳಕೆಗೆ ಸಿಕ್ಕಿತು. ಇಂದು ಮೊಬೈಲಿನಲ್ಲಿ ನಾವು ಬರೆಯುವ ಕನ್ನಡವೆಲ್ಲ ಯೂನಿಕೋಡ್. ಬರಹ, ನುಡಿಗಳಲ್ಲೂ ಯೂನಿಕೋಡ್ ಬರವಣಿಗೆಗೆ ಅವಕಾಶವಿದೆ. ಆದರೆ ಎಷ್ಟೋ ಕಚೇರಿಗಳಲ್ಲಿ ಮುದ್ರಣಕ್ಕೆಂದು ಹಳೆಯ ಅಕ್ಷರಶೈಲಿಯೇ ಉಳಿದಿದೆ. ಅಲ್ಲಿ ತಯಾರಾದ ವಾರ್ತಾಪತ್ರವೇ ಪಿಡಿಎಫ್ ಆಗಿ ತಾಣಕ್ಕೂ ಏರುತ್ತದೆ.

ಪರೀಕ್ಷೆ ಸುಲಭ. ನಿಮ್ಮ ಪುಟದಿಂದಲೋ ಪಿಡಿಎಫ್‌ನಿಂದಲೋ ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪ್ ಸಂದೇಶದಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಒಳ್ಳೆಯದು. ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಹಳೆಯ ಸಂಕೇತ ಎಂದು ತಿಳಿಯಿರಿ. ಸಾಲನ್ನು ಆರಿಸಲೇ ಆಗದಿದ್ದರೆ ಅದು ಚಿತ್ರ. ಹಳೆಯ ಬರಹವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳನ್ನು ಒಮ್ಮೆ ಕಣ್ಣಾರೆ ನೋಡಿ. ಯಂತ್ರ ಅಲ್ಲಲ್ಲಿ ಎಡವುತ್ತದೆ.

3. ಚಿತ್ರ, ಪಿಡಿಎಫ್ ಹಾಕಲೇಬಾರದೇ?

ಧಾರಾಳವಾಗಿ ಹಾಕಿ. ಆದರೆ ಅದರಲ್ಲಿರುವ ಮುಖ್ಯ ವಿಷಯವನ್ನು ಪಕ್ಕದಲ್ಲೇ ಅಕ್ಷರಗಳಲ್ಲಿ ಬರೆಯಿರಿ. ಏನು, ಎಲ್ಲಿ, ಯಾವಾಗ, ಯಾರಿಗೆ, ಯಾರನ್ನು ಸಂಪರ್ಕಿಸಬೇಕು ಎಂಬ ಐದು ಸಾಲು ಸಾಕು. ಗೂಗಲ್ ಚಿತ್ರದೊಳಗಿನ ಬರಹವನ್ನು ಕೆಲವೊಮ್ಮೆ ಓದಬಲ್ಲದು ನಿಜ. ಆದರೆ ಹೂವಿನ ಅಂಚಿನ ನಡುವಿನ ಬಣ್ಣಬಣ್ಣದ ಕನ್ನಡವನ್ನು ಅದು ಸರಿಯಾಗಿ ಓದೀತು ಎಂದು ನಂಬಿ ಕೂರುವುದು ಜಾಣತನವಲ್ಲ.

ಪ್ರತಿ ಚಿತ್ರದ ಜೊತೆ 'ಆಲ್ಟ್ ಟೆಕ್ಸ್ಟ್' ಎಂಬ ಕಿರು ವಿವರಣೆ ಬರೆಯಲು ಜಾಗವಿರುತ್ತದೆ. ಅದನ್ನು ಖಾಲಿ ಬಿಡಬೇಡಿ. ಕ್ಯಾಮರಾ ಕೊಟ್ಟ ಸಂಖ್ಯೆಯ ಬದಲು 'ಹೊಲಿಗೆ ತರಬೇತಿಯಲ್ಲಿ ಕೊಡಂಬಲದ ವಿದ್ಯಾರ್ಥಿನಿಯರು' ಎಂದು ಬರೆದರೆ ಯಂತ್ರಕ್ಕೂ ತಿಳಿಯುತ್ತದೆ. ದೃಷ್ಟಿಯಿಲ್ಲದವರು ಬಳಸುವ, ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದೇ ವಿವರಣೆ ಬೇಕು. 

4. ಊರಿನ ಹೆಸರನ್ನು ಹೇಗೆ ಬರೆಯಬೇಕು?

ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಹಳ್ಳಿಯ ಜನ ನಮ್ಮನ್ನು ಹುಡುಕುವುದೇ ಊರಿನ ಹೆಸರಿನಿಂದ. ಕೊಡಂಬಲವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಕೊಡಂಬಲ, ಕೊಡಂಬಲ್, ಕೋಡಂಬಲ ಎಂದೆಲ್ಲ ಬರೆಯಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕೊನೆಗೆ 'ಎ' ಹಾಕುವವರಿದ್ದಾರೆ, ಬಿಡುವವರಿದ್ದಾರೆ. ಹುಮನಾಬಾದ್, ಹುಮ್ನಾಬಾದ್, ಹುಮನಾಬಾದ ಎಂಬ ಮೂರು ರೂಪಗಳೂ ಬಳಕೆಯಲ್ಲಿವೆ.

ಇದಕ್ಕಿಂತ ಕಷ್ಟದ್ದು ಕಣ್ಣಿಗೆ ಕಾಣದ ತಪ್ಪು. ಈ ಎರಡು ಪದಗಳನ್ನು ನೋಡಿ: ಕೊಡಂಬಲ, ಕೊಡ೦ಬಲ. ವ್ಯತ್ಯಾಸ ಕಾಣುತ್ತದೆಯೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಎರಡೂ ದುಂಡಗಿವೆ, ಮುದ್ರಣದಲ್ಲಿ ಯಾರಿಗೂ ತಿಳಿಯದು. ಯಂತ್ರಕ್ಕೆ ಮಾತ್ರ ಇವು ಬೇರೆ ಬೇರೆ ಸಂಕೇತಗಳು. ಸೊನ್ನೆ ಹಾಕಿ ಬರೆದ ಊರನ್ನು ಅನುಸ್ವಾರ ಹಾಕಿ ಹುಡುಕಿದರೆ ಸಿಗದೆ ಹೋಗಬಹುದು. ಬೆರಳಚ್ಚು ಮಾಡುವಾಗ ಅನುಸ್ವಾರದ ಕೀಲಿ ಸಿಗದೆ ಸೊನ್ನೆ ಒತ್ತುವ ಅಭ್ಯಾಸ ಹಲವರಲ್ಲಿದೆ. ಮಂಗಳೂರು, ಕುಂದಾಪುರ, ಸಂಘ, ಸಂತ, ಪ್ರಾಂತ್ಯ, ನಮ್ಮ ದಿನಬಳಕೆಯ ಎಷ್ಟು ಪದಗಳಲ್ಲಿ ಅನುಸ್ವಾರ ಇದೆ ಎಂದು ಎಣಿಸಿ ನೋಡಿ! ಪುಟ ತೆರೆದು, ಪುಟದೊಳಗೆ ಹುಡುಕುವ ಸೌಲಭ್ಯದಲ್ಲಿ ಸರಿಯಾದ ಅನುಸ್ವಾರದೊಂದಿಗೆ ಪದ ಬರೆದು ಹುಡುಕಿ. ಕಣ್ಣೆದುರೇ ಇರುವ ಪದ 'ಇಲ್ಲ' ಎಂದು ಬಂದರೆ ಅಲ್ಲಿ ಸೊನ್ನೆ ಕುಳಿತಿದೆಯೇ ಎಂದು ಮೊದಲು ನೋಡಿ.

ಹೆಸರುಗಳು ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಬದಲಿಸಿದರು. ಗುಲ್ಬರ್ಗ ಕಲಬುರಗಿಯಾಯಿತು, ಮ್ಯಾಂಗಲೋರ್ ಮಂಗಳೂರಾಯಿತು. ಧರ್ಮಪ್ರಾಂತ್ಯಗಳ ಇಂಗ್ಲಿಷ್ ಹೆಸರುಗಳು ಮಾತ್ರ ಹಳೆಯ ರೂಪದಲ್ಲೇ ಉಳಿದಿವೆ. ಬೀದರ್ ಜಿಲ್ಲೆಯಲ್ಲಿ ತಾಲ್ಲೂಕುಗಳೂ ಬದಲಾದವು. ಮೊದಲು ಹುಮನಾಬಾದ್ ತಾಲ್ಲೂಕಿನಲ್ಲಿದ್ದ ಚಿಟಗುಪ್ಪ, ಬಸವಕಲ್ಯಾಣ ತಾಲ್ಲೂಕಿನಲ್ಲಿದ್ದ ಹುಲಸೂರು ಈಗ ತಾವೇ ತಾಲ್ಲೂಕು ಕೇಂದ್ರಗಳು. ಹೊರಗಿನಿಂದ ಹುಡುಕುವವರ ನೆನಪಿನಲ್ಲಿ ಇರುವುದು ಹಳೆಯ ಹೆಸರು. ಕೊಲ್ಲಿ ರಾಷ್ಟ್ರದಲ್ಲಿರುವವರೊಬ್ಬರು ತಮ್ಮ ಅಜ್ಜನ ಊರಿನ ದಾಖಲೆ ಹುಡುಕುವಾಗ ಅಜ್ಜ ಹೇಳಿದ ಹೆಸರನ್ನೇ ಬರೆಯುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ಒಂದು ರೂಪವನ್ನು ಮುಖ್ಯವಾಗಿ ಇಟ್ಟುಕೊಂಡು ಎಲ್ಲೆಡೆ ಅದನ್ನೇ ಬಳಸಿ. 'ನಮ್ಮ ಬಗ್ಗೆ' ಅಥವಾ 'ದಾರಿ' ಪುಟದಲ್ಲಿ ಒಂದು ವಾಕ್ಯದಲ್ಲಿ ಉಳಿದ ರೂಪಗಳನ್ನೂ ಹಳೆಯ ಹೆಸರನ್ನೂ ಇಂಗ್ಲಿಷ್ ಕಾಗುಣಿತವನ್ನೂ ಸಹಜವಾಗಿ ಹೇಳಿ. ಪುಟದ ಕೆಳಗೆ ಅದೇ ಹೆಸರನ್ನು ಐವತ್ತು ಬಾರಿ ತುರುಕುವುದು, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಲ್ಲಿ ಅಡಗಿಸುವುದು ಹಳೆಯ ಕುಚೇಷ್ಟೆಗಳು. ಗೂಗಲ್ ಇವನ್ನು ಮೋಸವೆಂದೇ ಎಣಿಸುತ್ತದೆ.

ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವರಿಗೂ ಇದೇ ಮಾತು. ಕೊಂಕಣಿ ಓದಲು ಬಾರದ ಕನ್ನಡಿಗನಿಗೂ ಬೇಕಾದ ಮಾಹಿತಿಯಿದ್ದರೆ ಕನ್ನಡದಲ್ಲಿ ಎರಡು ಸಾಲು ಸೇರಿಸಿ.

5. ಪುಟದ ಶೀರ್ಷಿಕೆ, ಕೀವರ್ಡ್ ಎಂದರೆ ಏನು?

ಹುಡುಕಿದಾಗ ಬರುವ ಪಟ್ಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಹೆಚ್ಚಾಗಿ ಪುಟದ ಶೀರ್ಷಿಕೆಯೇ. ಎಷ್ಟೋ ತಾಣಗಳಲ್ಲಿ ಅದು 'ಸ್ವಾಗತ' ಅಥವಾ 'ಹೋಮ್' ಎಂದಷ್ಟೇ ಇರುತ್ತದೆ. ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆ ಕೊಡಿ. 'ಪ್ರಕಟಣೆ' ಎನ್ನುವ ಬದಲು 'ಹೊಲಿಗೆ ತರಬೇತಿಗೆ ಅರ್ಜಿ, ಹುಮನಾಬಾದ್' ಎನ್ನಿ. ಜನ ಯಾವ ಮಾತಿನಲ್ಲಿ ಕೇಳುತ್ತಾರೋ ಆ ಮಾತು ಶೀರ್ಷಿಕೆಯಲ್ಲಿರಲಿ. ನಾವು 'ಸ್ವಉದ್ಯೋಗ ಕೌಶಲಾಭಿವೃದ್ಧಿ ಕಾರ್ಯಕ್ರಮ' ಎಂದು ಬರೆಯುತ್ತೇವೆ, ಹುಡುಗಿ ಹುಡುಕುವುದು 'ಹೊಲಿಗೆ ಕ್ಲಾಸ್' ಎಂದು. ಇಬ್ಬರೂ ಭೇಟಿಯಾಗುವುದು ಹೇಗೆ?

ಶೀರ್ಷಿಕೆಯ ಜೊತೆಗೆ ಎರಡು ಸಾಲಿನ ವಿವರಣೆ ಬರೆಯಲೂ ಜಾಗವಿದೆ. ಅದರಿಂದ ಸ್ಥಾನ ಮೇಲೇರುವುದಿಲ್ಲ, ಆದರೆ ಪಟ್ಟಿಯಲ್ಲಿ ಶೀರ್ಷಿಕೆಯ ಕೆಳಗೆ ಅದು ಕಾಣಬಹುದು. ಒಳಗೆ ಅಡಗಿಸಿ ಬರೆಯುವ ಕೀವರ್ಡ್ ಪಟ್ಟಿಯ ಚಿಂತೆ ಬಿಡಿ. ವೆಬ್ ಹುಡುಕಾಟದ ಸ್ಥಾನ ನಿರ್ಣಯಕ್ಕೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಅದಕ್ಕಾಗಿ ಹಣ ಕೇಳುವವರು ಇಂದಿಗೂ ಇದ್ದಾರೆ.

6. 'ಮೊದಲ ಪುಟಕ್ಕೆ ತರುತ್ತೇವೆ' ಎಂದು ಕರೆ ಬರುತ್ತದೆ, ನಂಬಬಹುದೇ?

ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ತಾಣ ಮಾಲೀಕರಿಗೆ ತಿಳಿಸಿದೆ. ಖಾತರಿ ಕೊಡುವವರು ಹಲವು ಬಾರಿ ಮಾಡುವುದು ಸಂಬಂಧವಿಲ್ಲದ ನೂರಾರು ತಾಣಗಳಿಂದ ಹಣಕ್ಕೆ ಕೊಂಡಿ ಹಾಕಿಸುವ ಕೆಲಸ. ಗೂಗಲ್‌ನ ಸ್ಥಾಪಕರಾದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ರೂಪಿಸಿದ ಪದ್ಧತಿಯ ಮೂಲ ತತ್ತ್ವ, ಒಳ್ಳೆಯ ತಾಣಗಳು ಯಾವ ಪುಟವನ್ನು ತೋರಿಸುತ್ತವೋ ಅದಕ್ಕೆ ಹೆಚ್ಚು ಬೆಲೆ ಎಂಬುದು. ಆ ಬೆಲೆಯನ್ನು ಕೊಂಡುಕೊಳ್ಳಲು ಹೊರಟವರನ್ನು ತಡೆಯಲೆಂದೇ 2012ರಲ್ಲಿ 'ಪೆಂಗ್ವಿನ್' ಎಂಬ ಬದಲಾವಣೆ ತಂದರು. ಅನೇಕ ತಾಣಗಳು ಆಗ ಒಮ್ಮೆಲೇ ಕೆಳಗಿಳಿದವು.

ನಮಗೆ ಹಣವಿಲ್ಲದೆಯೇ ಒಳ್ಳೆಯ ಕೊಂಡಿಗಳು ಸಿಗುತ್ತವೆ. ಧರ್ಮಪ್ರಾಂತ್ಯದ ತಾಣದ ಪಟ್ಟಿಯಲ್ಲಿ ನಿಮ್ಮ ವಿಳಾಸ ಸರಿಯಿದೆಯೇ? ನಿಮ್ಮ ಶಾಲೆಯ ತಾಣ ನಿಮ್ಮದಕ್ಕೆ ಕೊಂಡಿ ಕೊಟ್ಟಿದೆಯೇ? ಹಬ್ಬದ ವರದಿ ಪ್ರಕಟಿಸಿದ ಪತ್ರಿಕೆಯವರು ವಿಳಾಸ ಹಾಕಿದ್ದಾರೆಯೇ? ನಾಲ್ಕು ಪತ್ರ ಬರೆದರೆ ಆಗುವ ಕೆಲಸ.

7. ತಾಣ ಮೊಬೈಲಿನಲ್ಲಿ ನಿಧಾನ. ಅದರಿಂದ ತೊಂದರೆಯೇ?

ಹೌದು. 2015ರ ಏಪ್ರಿಲ್‌ನಿಂದ ಮೊಬೈಲ್ ಹುಡುಕಾಟದಲ್ಲಿ ಮೊಬೈಲಿಗೆ ಹೊಂದುವ ಪುಟಗಳಿಗೆ ಗೂಗಲ್ ಆದ್ಯತೆ ಕೊಟ್ಟಿತು. ಈಗ ಅದು ತಾಣಗಳನ್ನು ನೋಡುವುದೇ ಮೊಬೈಲ್ ರೂಪದಲ್ಲಿ. ಆ ಬದಲಾವಣೆ ಪೂರ್ಣವಾದುದಾಗಿ 2023ರಲ್ಲಿ ಪ್ರಕಟಿಸಿತು. ನಮ್ಮ ತಾಣಗಳ ದೊಡ್ಡ ಭಾರ ಹಬ್ಬದ ಫೋಟೋಗಳು. ಕ್ಯಾಮರಾದಿಂದ ಬಂದ 5 ಎಂಬಿಯ ಚಿತ್ರಗಳನ್ನು ಹಾಗೆಯೇ ನಲವತ್ತು ಏರಿಸಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವ ಮೊದಲೇ ಓದುಗರು ಹಿಂದಿರುಗುತ್ತಾರೆ. ಚಿತ್ರಗಳನ್ನು ಕುಗ್ಗಿಸಿ ಹಾಕಿ. ವಿಳಾಸದ ಆರಂಭದಲ್ಲಿ ಸುರಕ್ಷತೆಯ 'ಎಚ್‌ಟಿಟಿಪಿಎಸ್' ಇರಲಿ. ಅದರ ಪ್ರಮಾಣಪತ್ರ ಉಚಿತವಾಗಿಯೂ ಸಿಗುತ್ತದೆ.

ಚರ್ಚ್, ಶಾಲೆ, ಚಿಕಿತ್ಸಾಲಯಗಳು ಗೂಗಲ್ ನಕ್ಷೆಯಲ್ಲಿ ತಮ್ಮ ನಮೂದನ್ನು ತಾವೇ ವಹಿಸಿಕೊಂಡು ಸಮಯ, ದೂರವಾಣಿ ಸರಿಪಡಿಸಬೇಕು. ಇದಕ್ಕೆ ಶುಲ್ಕವಿಲ್ಲ. ಪೂಜೆಯ ಸಮಯ ಬದಲಾದ ದಿನವೇ ಅಲ್ಲೂ ಬದಲಿಸಿ.

8. ತಾಣದ ವಿಳಾಸ ಯಾರ ಹೆಸರಿನಲ್ಲಿರಬೇಕು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ ಹೆಚ್ಚು ನಷ್ಟವಾಗುವುದು ಇಲ್ಲಿಯೇ.

ಉತ್ಸಾಹಿ ಯುವಕರೊಬ್ಬರು ತಮ್ಮ ಹೆಸರಿನಲ್ಲಿ ಡೊಮೈನ್ ಕೊಂಡು ತಾಣ ಕಟ್ಟುತ್ತಾರೆ. ಎರಡು ವರ್ಷದಲ್ಲಿ ಕೆಲಸಕ್ಕೆಂದು ದುಬೈಗೆ ಹೋಗುತ್ತಾರೆ. ಗುರುಗಳಿಗೆ ವರ್ಗಾವಣೆಯಾಗುತ್ತದೆ. ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಮಿಂಚಂಚೆಗೆ ಬರುತ್ತಿರುತ್ತವೆ. ಗಡುವು ಮೀರಿದ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ತಾಣಕ್ಕಿದ್ದ ಒಳ್ಳೆಯ ಹೆಸರನ್ನು ಜೂಜಿನ ಜಾಹೀರಾತಿಗೆ ಬಳಸಲೆಂದೇ ಇಂಥವನ್ನು ಕಾದು ಕೊಳ್ಳುವವರಿದ್ದಾರೆ. ಈ ದುರುಪಯೋಗವನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ನಿಷಿದ್ಧ ಕ್ರಮಗಳ ಪಟ್ಟಿಗೆ ಸೇರಿಸಿತು. ಆದರೆ ಹೋದ ವಿಳಾಸ ಅದರಿಂದ ಹಿಂದೆ ಬರುವುದಿಲ್ಲ. ಹಳೆಯ ಆಮಂತ್ರಣಗಳಲ್ಲಿ, ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ವಿಳಾಸ ಜನರನ್ನು ಎಲ್ಲಿಗೋ ಒಯ್ಯುತ್ತಿರುತ್ತದೆ.

ಆದ್ದರಿಂದ ಡೊಮೈನ್ ಸಂಸ್ಥೆಯ ಹೆಸರಿನಲ್ಲಿರಲಿ, ಸಂಸ್ಥೆಯ ಮಿಂಚಂಚೆಗೆ ಜೋಡಿಸಿರಲಿ. ಗುಪ್ತಪದ, ನವೀಕರಣದ ದಿನಾಂಕಗಳನ್ನು ಕಚೇರಿಯ ಕಪಾಟಿನಲ್ಲಿ ಬರೆದಿಡಿ. ಅಧಿಕಾರ ಹಸ್ತಾಂತರದಲ್ಲಿ ದಾಖಲೆ ಪುಸ್ತಕಗಳ ಜೊತೆ ಇದನ್ನೂ ಒಪ್ಪಿಸಿ. ಐದು ವರ್ಷಕ್ಕೆ ಒಮ್ಮೆಲೇ ನವೀಕರಿಸಲೂ ಅವಕಾಶವಿದೆ. ಹೊಸ ವಿಳಾಸಕ್ಕೆ ಹೋಗಲೇಬೇಕಾದರೆ ಹಳೆಯದನ್ನು ಬಿಡದೆ, ಅಲ್ಲಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ ಹಾಕಿಸಿ.

9. ಹಳೆಯ ಪುಟಗಳನ್ನು ಏನು ಮಾಡಬೇಕು?

ವರದಿ, ಇತಿಹಾಸ, ಸಂದರ್ಶನಗಳನ್ನು ಅಳಿಸಬೇಡಿ, ಅವು ನಮ್ಮ ಸಂಪತ್ತು. ಆದರೆ ಪ್ರತಿಯೊಂದರ ಮೇಲೂ ವರ್ಷ ಸಹಿತ ದಿನಾಂಕ ಇರಲಿ. 'ಬರುವ ಭಾನುವಾರ' ಎಂದು ಬರೆದ ಪ್ರಕಟಣೆ ಹತ್ತು ವರ್ಷದ ನಂತರವೂ 'ಬರುವ ಭಾನುವಾರ' ಎಂದೇ ಹೇಳುತ್ತಿರುತ್ತದೆ. 2024ರಿಂದ ಭಾರತದಲ್ಲೂ ಗೂಗಲ್ ಕೆಲವು ಹುಡುಕಾಟಗಳಿಗೆ ಪಟ್ಟಿಯ ಮೇಲೆ ಕೃತಕ ಬುದ್ಧಿಮತ್ತೆಯ ಸಿದ್ಧ ಉತ್ತರ ಕೊಡುತ್ತಿದೆ. ಅದು ಉತ್ತರ ಹೆಣೆಯುವುದು ನಮ್ಮಂಥ ತಾಣಗಳ ಬರಹದಿಂದಲೇ. ನಾವು ತಿದ್ದದೆ ಬಿಟ್ಟ ಹಳೆಯ ಸಮಯವನ್ನೇ ಅದು ನಿಜವೆಂದು ಹೇಳೀತು.

ಮೊದಲು ಮಾಡಬೇಕಾದ್ದು

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮೂರು ಕೆಲಸ ಮಾಡಿ. ಸೂಚಿಯಲ್ಲಿ ನಿಮ್ಮ ತಾಣ ಇದೆಯೇ ನೋಡಿ. ಒಂದು ಸಾಲು ನಕಲು ಮಾಡಿ ಕನ್ನಡ ಬರುತ್ತದೆಯೇ ನೋಡಿ. ಡೊಮೈನ್ ನವೀಕರಣದ ದಿನಾಂಕ ಕೇಳಿ ಬರೆದಿಡಿ. ಅನಂತರ, ತಾಣ ಕಟ್ಟಿದವರಲ್ಲದ ಒಬ್ಬರ ಕೈಗೆ ಮೊಬೈಲ್ ಕೊಟ್ಟು, 'ನಮ್ಮ ತರಬೇತಿಯನ್ನು ಹುಡುಕಿ' ಎಂದು ಹೇಳಿ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಯಾವ ಪದ ಬರೆಯುತ್ತಾರೆ ಎಂಬುದನ್ನು ಗಮನಿಸಿ. ನಿಮಗೆ ಬೇಕಾದ ಎಸ್‌ಇಒ ಪಾಠ ಅಲ್ಲೇ ಸಿಗುತ್ತದೆ.

ಆ ಸಿಸ್ಟರ್ ಅಂದು ರಾತ್ರಿಯೇ ಪ್ರಕಟಣೆಯನ್ನು ಅಕ್ಷರಗಳಲ್ಲಿ ಬರೆದು, ಊರುಗಳ ಪಟ್ಟಿಯನ್ನು ಕೆಳಗೆ ಹಾಕಿದರು. ಪುಟದ ಹೆಸರನ್ನೂ ಬದಲಿಸಿದರು. ಕೆಲವು ದಿನಗಳ ನಂತರ ನಾನು ಹುಡುಕಿದಾಗ ಸಿಕ್ಕಿತು. ಕೊಡಂಬಲದ ಹುಡುಗಿಗೆ ಮುಂದಿನ ತಂಡದಲ್ಲಿ ಸ್ಥಾನ ಕೊಟ್ಟಿದ್ದಾರೆ. ಅಷ್ಟರಲ್ಲಿ ಅವಳ ಆರು ತಿಂಗಳು ಹೋಗಿತ್ತು. ನಾವು ಟೈಪ್ ಮಾಡದೆ ಬಿಟ್ಟ ಐದು ಸಾಲಿನ ಬೆಲೆ ಅದು.